ಹೇಳಿದ್ದು, ಕೇಳಿಸಿದ್ದು, ತಿಳಿದದ್ದು: ಪೈಲಟ್ ಮತ್ತು ವಿಮಾನ ಸಂಚಾರ ನಿಯಂತ್ರಕರ ನಡುವೆ ಮಾತು ತಪ್ಪದಂತೆ ನೋಡಿಕೊಳ್ಳುವ ಕ್ರಮ

1989ರ ಫೆಬ್ರವರಿ 19ರಂದು ಕ್ವಾಲಾಲಂಪುರದ ಸುಬಾಂಗ್ ವಿಮಾನ ನಿಲ್ದಾಣದಲ್ಲಿ ಇಳಿಯಲು ಬರುತ್ತಿದ್ದ ಬೋಯಿಂಗ್ 747 ಸರಕು ವಿಮಾನಕ್ಕೆ ನಿಯಂತ್ರಕರು ‘ಡಿಸೆಂಡ್ ಟೂ ಫೋರ್ ಝೀರೋ ಝೀರೋ’ ಎಂದರು. ಅವರ ಮನಸ್ಸಿನಲ್ಲಿದ್ದದ್ದು 2,400 ಅಡಿ. ಕ್ಯಾಪ್ಟನ್ನರ ಕಿವಿಗೆ ಮೊದಲಿನ ‘ಟೂ’ ಎರಡು ಎಂಬ ಅಂಕಿಯಾಗಿ ಬೀಳದೆ, ‘ಅಷ್ಟಕ್ಕೆ’ ಎಂಬರ್ಥದ ‘ಟು’ ಆಗಿ ಬಿತ್ತು. ‘ಓಕೆ, ಫೋರ್ ಝೀರೋ ಝೀರೋ’ ಎಂದು ಉತ್ತರ ಕೊಟ್ಟು ಅವರು 400 ಅಡಿಗೆ ಇಳಿಯತೊಡಗಿದರು. ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ ನಾಲ್ವರೂ ಸತ್ತರು.

ಇಲ್ಲಿ ಗಮನಿಸಬೇಕಾದದ್ದು ‘ಟೂ’ ಮತ್ತು ‘ಟು’ಗಳ ಗೊಂದಲವಷ್ಟೇ ಅಲ್ಲ. ತಪ್ಪು ಯಾರಿಗೂ ತಿಳಿಯದ ಹಾಗೆ ಒಳಗೊಳಗೇ ನಡೆದುಹೋಗಲಿಲ್ಲ. ಕ್ಯಾಪ್ಟನ್ನರು ತಾವು ಏನು ತಿಳಿದುಕೊಂಡಿದ್ದಾರೆ ಎಂಬುದನ್ನು ರೇಡಿಯೋದಲ್ಲಿ ಗಟ್ಟಿಯಾಗಿಯೇ ಹೇಳಿದ್ದರು. ಅದನ್ನು ತಿದ್ದಬೇಕಾಗಿದ್ದ ಕಿವಿ ಅದನ್ನು ಹಿಡಿಯಲಿಲ್ಲ. ರೇಡಿಯೋ ಸಂಭಾಷಣೆಯ ತಪ್ಪುಗಳಲ್ಲಿ ಬಹಳಷ್ಟು ಹೀಗೆಯೇ ಇರುತ್ತವೆ. ಸದ್ದು ಕೇಳಿಸದೆ ಆಗುವ ತಪ್ಪಿಗಿಂತ, ನಿರೀಕ್ಷಿಸಿದ್ದೇ ಕೇಳಿಸಿತೆಂದು ಮನಸ್ಸು ಒಪ್ಪಿಬಿಡುವ ತಪ್ಪು ಹೆಚ್ಚು ಅಪಾಯಕಾರಿ. ಪೈಲಟ್ ತರಬೇತಿಯಲ್ಲಿರುವವರು, ನಿಯಂತ್ರಕರಾಗಲು ಕಲಿಯುತ್ತಿರುವವರು ಮತ್ತು ಈ ಸಂಭಾಷಣೆ ಹೇಗೆ ನಡೆಯುತ್ತದೆ ಎಂದು ತಿಳಿಯಬಯಸುವ ಓದುಗರು ಕೆಳಗಿನ ಹೆಜ್ಜೆಗಳನ್ನು ಅನುಕ್ರಮವಾಗಿ ಓದಬಹುದು. ಒಂದು ಹಾರಾಟದಲ್ಲಿ ಅವು ಎದುರಾಗುವ ಕ್ರಮವೂ ಹೆಚ್ಚುಕಡಿಮೆ ಇದೇ ಆಗಿದೆ.

ಹೆಜ್ಜೆ 1: ಗುಂಡಿ ಒತ್ತುವ ಮುನ್ನ ಕೇಳಿ

ವಿಮಾನದ ಧ್ವನಿ ರೇಡಿಯೋ ಸಾಮಾನ್ಯವಾಗಿ 118ರಿಂದ 137 ಮೆಗಾಹರ್ಟ್ಸ್ ನಡುವಿನ ವಿಎಚ್‌ಎಫ್ ಫ್ರೀಕ್ವೆನ್ಸಿಗಳಲ್ಲಿ ಕೆಲಸ ಮಾಡುತ್ತದೆ. ಅದು ದೂರವಾಣಿಯ ಹಾಗಲ್ಲ. ಒಂದು ಫ್ರೀಕ್ವೆನ್ಸಿಯಲ್ಲಿ ಒಬ್ಬರು ಗುಂಡಿ ಒತ್ತಿ ಮಾತನಾಡುವಷ್ಟು ಹೊತ್ತು ಉಳಿದವರೆಲ್ಲ ಕೇಳುತ್ತಿರಬೇಕು, ಮತ್ತು ಮಾತನಾಡುತ್ತಿರುವವರಿಗೆ ಆ ಹೊತ್ತಿನಲ್ಲಿ ಬೇರೆ ಯಾರ ಮಾತೂ ಕೇಳಿಸುವುದಿಲ್ಲ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಮೂರನೆಯವರಿಗೆ ಹೆಚ್ಚಾಗಿ ಕೇಳಿಸುವುದು ಕಿರ್ರೆನ್ನುವ ಸದ್ದು; ಒತ್ತಿದ ಇಬ್ಬರಿಗೂ ತಮ್ಮ ಮಾತು ತಲುಪಲಿಲ್ಲವೆಂಬುದೇ ಗೊತ್ತಾಗುವುದಿಲ್ಲ.

ಆದ್ದರಿಂದ ಹೊಸ ಫ್ರೀಕ್ವೆನ್ಸಿಗೆ ಬದಲಾಯಿಸಿದ ಕೂಡಲೇ ಮಾತನಾಡಬೇಡಿ. ಕೆಲವು ಕ್ಷಣ ಕೇಳಿ, ಯಾರಿಗಾದರೂ ಈಗಷ್ಟೇ ಸೂಚನೆ ಕೊಡಲಾಗಿದೆಯೇ ಎಂದು ಗಮನಿಸಿ. ಕೊಟ್ಟಿದ್ದರೆ ಮುಂದಿನ ಕ್ಷಣಗಳು ಆ ವಿಮಾನದ ಉತ್ತರಕ್ಕೆ ಸೇರಿದವು. ನಿಶ್ಶಬ್ದವಿದೆ ಎಂದುಕೊಂಡು ನಡುವೆ ನುಗ್ಗಿದರೆ ಆ ಉತ್ತರ ಅಳಿಸಿಹೋಗುತ್ತದೆ. ಹೇಳಬೇಕಾದದ್ದನ್ನು ಮೊದಲು ಮನಸ್ಸಿನಲ್ಲಿ ಜೋಡಿಸಿಕೊಳ್ಳಿ, ಉದ್ದವಿದ್ದರೆ ಕಾಗದದ ಮೇಲೆ ಬರೆದುಕೊಳ್ಳಿ. ಗುಂಡಿ ಒತ್ತಿ, ಅರ್ಧ ಉಸಿರಿನಷ್ಟು ತಡೆದು, ಆಮೇಲೆ ಮಾತು ಆರಂಭಿಸಿ. ಈ ಅರ್ಧ ಉಸಿರು ತಪ್ಪಿದರೆ ಮೊದಲ ಅಕ್ಷರಗಳು ಕತ್ತರಿಸಿಹೋಗುತ್ತವೆ, ಮತ್ತು ವಾಕ್ಯದ ಮೊದಲಿಗೆ ಇರುವುದು ಬಹುಮಟ್ಟಿಗೆ ಯಾವ ವಿಮಾನ ಎಂಬ ಗುರುತೇ ಆಗಿರುತ್ತದೆ. ಇಬ್ಬರ ಮಾತು ಒಂದರ ಮೇಲೊಂದು ಬಿದ್ದದ್ದು ನಿಮಗೆ ಕೇಳಿಸಿದರೆ, ನಿಮಗೆ ಸಂಬಂಧವಿಲ್ಲದಿದ್ದರೂ ‘ಬ್ಲಾಕ್ಡ್’ ಎಂಬ ಒಂದೇ ಪದ ಹೇಳಿ. ಅದನ್ನು ತಿಳಿಯಲು ಆ ಇಬ್ಬರಿಗೆ ಬೇರೆ ದಾರಿಯಿಲ್ಲ.

ವೇಗದ ವಿಷಯದಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ, ಅಂದರೆ ಐಸಿಎಒದ, ನಿಯಮ ಸ್ಪಷ್ಟವಾಗಿದೆ: ನಿಮಿಷಕ್ಕೆ 100 ಪದಗಳನ್ನು ಮೀರಬಾರದು. ಕೇಳುವವರು ಬರೆದುಕೊಳ್ಳುತ್ತಿದ್ದರೆ ಇನ್ನೂ ನಿಧಾನವಾಗಿ ಹೇಳಬೇಕು. ದಟ್ಟಣೆಯ ಹೊತ್ತಿನಲ್ಲಿ ವೇಗವಾಗಿ ಮಾತನಾಡುವುದು ಜಾಣತನವೆಂದು ಅನೇಕರು ತಿಳಿಯುತ್ತಾರೆ, ಆದರೆ ಅರ್ಥವಾಗದ ಒಂದು ಸೂಚನೆಯನ್ನು ಮತ್ತೆ ಹೇಳಿಸಿಕೊಳ್ಳಲು ಹಿಡಿಯುವ ಸಮಯ ಉಳಿಸಿದ ಸಮಯಕ್ಕಿಂತ ಯಾವಾಗಲೂ ಹೆಚ್ಚು.

ಹೆಜ್ಜೆ 2: ಸೂಚನೆ ಯಾರಿಗೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ

ಒಂದೇ ಫ್ರೀಕ್ವೆನ್ಸಿಯಲ್ಲಿ 325 ಮತ್ತು 352 ಎಂಬ ಕಾಲ್‌ಸೈನ್‌ಗಳು, ಅಂದರೆ ರೇಡಿಯೋದಲ್ಲಿ ವಿಮಾನವನ್ನು ಕರೆಯುವ ಗುರುತುಗಳು, ಇದ್ದು, 325ರ ಪೈಲಟ್ ಕೆಳಗಿಳಿಯುವ ಸೂಚನೆಗಾಗಿ ಕಾಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. ನಿಯಂತ್ರಕರು 352ಕ್ಕೆ ಇಳಿಯಲು ಹೇಳುತ್ತಾರೆ. ಕಾದು ಕುಳಿತ ಕಿವಿ ಅಂಕಿಗಳ ಕ್ರಮವನ್ನು ನೋಡುವುದಿಲ್ಲ. ‘ಡಿಸೆಂಡ್’ ಎಂಬುದನ್ನು ಹಿಡಿದು ತನ್ನದಾಗಿಸಿಕೊಳ್ಳುತ್ತದೆ. 325 ಉತ್ತರ ಕೊಡುವ ಹೊತ್ತಿಗೇ 352 ಕೂಡ ಉತ್ತರ ಕೊಟ್ಟರೆ, ಎರಡರಲ್ಲಿ ಗಟ್ಟಿಯಾದ ಸಂಕೇತ ಮಾತ್ರ ನಿಯಂತ್ರಕರಿಗೆ ಕೇಳಿಸುವ ಸಾಧ್ಯತೆ ಇದೆ. ಎಲ್ಲ ಸರಿಯಾಗಿದೆ ಎಂದು ಅವರು ಮುಂದಿನ ಕೆಲಸಕ್ಕೆ ಹೋಗುತ್ತಾರೆ, ಎರಡು ವಿಮಾನಗಳು ಒಂದೇ ಎತ್ತರಕ್ಕೆ ಇಳಿಯುತ್ತವೆ.

ಇದಕ್ಕೆ ಪರಿಹಾರ ಎರಡೂ ಕಡೆ ಇದೆ. ಪೈಲಟ್ ಪ್ರತಿಯೊಂದು ಉತ್ತರದಲ್ಲಿಯೂ ತಮ್ಮ ಕಾಲ್‌ಸೈನ್ ಹೇಳಲೇಬೇಕು. ಅದಿಲ್ಲದ ಉತ್ತರ ಎಷ್ಟೇ ಸರಿಯಾಗಿದ್ದರೂ ಅನಾಮಧೇಯ ಪತ್ರದಂತೆ. ನಿಯಂತ್ರಕರು ಒಂದೇ ಬಗೆಯ ಕಾಲ್‌ಸೈನ್‌ಗಳು ಬಂದಿವೆ ಎಂದು ಎರಡೂ ವಿಮಾನಗಳನ್ನು ಎಚ್ಚರಿಸಬೇಕು, ಅಗತ್ಯವಿದ್ದರೆ ಒಂದರ ಕಾಲ್‌ಸೈನನ್ನು ತಾತ್ಕಾಲಿಕವಾಗಿ ಬದಲಾಯಿಸಲು ಹೇಳಬೇಕು. ಕಾಕ್‌ಪಿಟ್‌ನಲ್ಲಿ ಇಬ್ಬರಲ್ಲಿ ಒಬ್ಬರಿಗೆ ‘ಇದು ನಮಗೇ ಹೇಳಿದ್ದೇ?’ ಎಂಬ ಅನುಮಾನ ಬಂದರೆ ಇನ್ನೊಬ್ಬರ ಧೈರ್ಯದ ಮೇಲೆ ನಂಬಿಕೆಯಿಡಬಾರದು, ನಿಯಂತ್ರಕರನ್ನೇ ಕೇಳಬೇಕು.

ಹೆಜ್ಜೆ 3: ಹೂಂಗುಟ್ಟಬೇಡಿ, ಮರಳಿ ಹೇಳಿ

ಕಥೆ ಕೇಳುವವರು ನಡುನಡುವೆ ಹೂಂಗುಟ್ಟುತ್ತಾರೆ. ಕಥೆಯಲ್ಲಿ ಅದು ಸಾಕು. ರೇಡಿಯೋದಲ್ಲಿ ‘ಓಕೆ’ ಎನ್ನುವುದು, ‘ರೋಜರ್’ ಎನ್ನುವುದು, ಮೈಕ್ ಗುಂಡಿಯನ್ನು ಎರಡು ಬಾರಿ ಟಕಟಕ ಒತ್ತುವುದು ಎಲ್ಲವೂ ಹೂಂಗುಟ್ಟುವಿಕೆಯೇ. ‘ರೋಜರ್’ ಎಂದರೆ ‘ನಿಮ್ಮ ಕೊನೆಯ ಮಾತು ಪೂರ್ತಿಯಾಗಿ ತಲುಪಿತು’ ಎಂದಷ್ಟೇ ಅರ್ಥ. ಅರ್ಥವಾಯಿತೆಂದಾಗಲಿ, ಹಾಗೆಯೇ ಮಾಡುತ್ತೇನೆಂದಾಗಲಿ ಅಲ್ಲ. ಅರ್ಥವಾಯಿತು, ಪಾಲಿಸುತ್ತೇನೆ ಎನ್ನಲು ‘ವಿಲ್ಕೊ’ ಎಂಬ ಬೇರೆ ಪದವಿದೆ. ‘ಸ್ಟ್ಯಾಂಡ್‌ಬೈ’ ಎಂದರೆ ಕಾಯಿರಿ ಎಂದು. ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಹೌದು ಎನ್ನಲು ‘ಅಫರ್ಮೇಟಿವ್’ ಎಂದು ಪೂರ್ತಿಯಾಗಿ ಹೇಳದೆ ‘ಅಫರ್ಮ್’ ಎನ್ನುವುದು ಏಕೆಂದರೆ, ಮೊದಲರ್ಧ ಕತ್ತರಿಸಿಹೋದರೆ ಉಳಿಯುವ ಬಾಲ ‘ನೆಗೆಟಿವ್’ನ ಬಾಲದ ಹಾಗೆಯೇ ಕೇಳಿಸುತ್ತದೆ.

ಕೆಲವನ್ನು ಪದಶಃ ಮರಳಿ ಹೇಳಲೇಬೇಕು: ಮಾರ್ಗದ ಕ್ಲಿಯರೆನ್ಸ್ (ಅನುಮತಿ), ರನ್‌ವೇ ಪ್ರವೇಶಿಸಲು, ದಾಟಲು, ಅದರ ಹೊರಗೆ ನಿಲ್ಲಲು, ಅದರಲ್ಲಿ ಇಳಿಯಲು ಅಥವಾ ಮೇಲೇರಲು ಕೊಟ್ಟ ಸೂಚನೆ, ಬಳಕೆಯಲ್ಲಿರುವ ರನ್‌ವೇ, ಎತ್ತರ ತೋರಿಸುವ ಆಲ್ಟಿಮೀಟರಿಗೆ ಹೊಂದಿಸಬೇಕಾದ ಗಾಳಿಯ ಒತ್ತಡದ ಅಂಕಿ, ರೇಡಾರಿಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರಿನ ಸಂಕೇತ, ಎತ್ತರ, ದಿಕ್ಕು ಮತ್ತು ವೇಗ. ಇವುಗಳನ್ನು ಬಿಟ್ಟು ಗಾಳಿಯ ವಿವರವನ್ನೋ ಸುತ್ತಲಿನ ವಿಮಾನಗಳ ಮಾಹಿತಿಯನ್ನೋ ಇಡಿಯಾಗಿ ಮರಳಿ ಒಪ್ಪಿಸಿದರೆ ಫ್ರೀಕ್ವೆನ್ಸಿ ವ್ಯರ್ಥವಾಗಿ ತುಂಬುತ್ತದೆ.

ಮರಳಿ ಹೇಳುವ ಹೊತ್ತಿಗೆ ಕಾಕ್‌ಪಿಟ್ ಒಳಗೂ ಒಂದು ಕೆಲಸ ಆಗಬೇಕು. ರೇಡಿಯೋ ನೋಡಿಕೊಳ್ಳುವ ಪೈಲಟ್ ‘ಫ್ಲೈಟ್ ಲೆವೆಲ್ ಒನ್ ಟೂ ಝೀರೋ’ (ನೂರು ಅಡಿಗಳ ಲೆಕ್ಕದಲ್ಲಿ 120) ಎಂದು ಮರಳಿ ಹೇಳುವಾಗ, ವಿಮಾನ ಹಾರಿಸುತ್ತಿರುವವರು ಎತ್ತರದ ಗುಂಡಿಯನ್ನು ತಿರುಗಿಸಿ ಫಲಕದ ಅಂಕಿಕಿಟಕಿಯಲ್ಲಿ 12000 ಎಂದು ಮೂಡಿಸುತ್ತಾರೆ, ಅದರ ಕಡೆಗೆ ಬೆರಳು ತೋರಿಸಿ ಅಂಕಿಯನ್ನು ಓದುತ್ತಾರೆ, ಇನ್ನೊಬ್ಬರು ಅದನ್ನು ಕಣ್ಣಾರೆ ನೋಡಿ ಒಪ್ಪುತ್ತಾರೆ. ಬಾಯಲ್ಲಿ ಸರಿಯಾಗಿ ಹೇಳಿ ಕೈಯಲ್ಲಿ ತಪ್ಪಾಗಿ ಮೂಡಿಸುವುದು ಕೂಡ ಸಂಭಾಷಣೆಯ ತಪ್ಪೇ ಆದ್ದರಿಂದ ಈ ಬೆರಳಿನ ಅಭ್ಯಾಸವನ್ನು ನಾನು ಮರುಹೇಳಿಕೆಯ ಭಾಗವೆಂದೇ ಎಣಿಸುತ್ತೇನೆ.

ಹೆಜ್ಜೆ 4: ಮರಳಿ ಹೇಳಿದ್ದನ್ನು ನಿಜವಾಗಿ ಕೇಳಿಸಿಕೊಳ್ಳಿ

ಸೂಚನೆ, ಅದನ್ನು ಕೇಳುವುದು, ಮರಳಿ ಹೇಳುವುದು, ಮರಳಿ ಹೇಳಿದ್ದನ್ನು ಕೇಳುವುದು: ಈ ನಾಲ್ಕು ಸೇರಿ ಒಂದು ವರ್ತುಲ. ಅದರಲ್ಲಿ ಬಹಳ ಸುಲಭವಾಗಿ ತುಂಡಾಗುವುದು ನಾಲ್ಕನೆಯ ಭಾಗ. ಸೂಚನೆ ಕೊಟ್ಟು ಮುಗಿದ ಕೂಡಲೇ ನಿಯಂತ್ರಕರ ಮನಸ್ಸು ಮುಂದಿನ ವಿಮಾನಕ್ಕೆ ಜಾರಿರುತ್ತದೆ, ಮತ್ತು ಉತ್ತರದ ಧಾಟಿ, ಉದ್ದ, ಲಯ ಸರಿಯಾಗಿದ್ದರೆ ಒಳಗಿನ ಅಂಕಿ ತಪ್ಪಿದ್ದರೂ ಕಿವಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

2022ರ ಮೇ 23ರಂದು ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣದಲ್ಲಿ ನಡೆದದ್ದನ್ನು ಈ ಹೆಜ್ಜೆಗೆ ಪಾಠವೆಂದು ಇಟ್ಟುಕೊಳ್ಳಬಹುದು. ಮಳೆ, ಮೋಡ ಇದ್ದ ದಿನ. ಅಂದಿನ ನಿಜವಾದ ಒತ್ತಡ 1001 ಹೆಕ್ಟೊಪಾಸ್ಕಲ್. ಇಳಿಯಲು ಬರುತ್ತಿದ್ದ ಎ320 ವಿಮಾನಕ್ಕೆ ನಿಯಂತ್ರಕರು 1011 ಎಂದರು, ಪೈಲಟ್‌ಗಳು 1011 ಎಂದೇ ಮರಳಿ ಹೇಳಿದರು. ಮರುಹೇಳಿಕೆ ಸೂಚನೆಗೆ ತಕ್ಕಂತೆಯೇ ಇತ್ತು, ಸೂಚನೆಯೇ ತಪ್ಪಾಗಿತ್ತು. ಇನ್ನೊಂದು ವಿಮಾನಕ್ಕೂ 1011 ಎಂದೇ ಹೇಳಿದಾಗ ಅದರ ಪೈಲಟ್‌ಗಳು 1001 ಎಂದು ಮರಳಿ ಹೇಳಿದ್ದರು. ಹೇಳಿದ್ದಕ್ಕೂ ಉತ್ತರಕ್ಕೂ ಹತ್ತರ ವ್ಯತ್ಯಾಸವಿದ್ದುದು ಅಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಫ್ರೆಂಚ್‌ನಲ್ಲಿ ಮಾತನಾಡಿದ ಮತ್ತೊಂದು ವಿಮಾನಕ್ಕೆ 1001 ಎಂದು ಸರಿಯಾಗಿಯೇ ಹೇಳಲಾಗಿತ್ತು. ಹತ್ತು ಹೆಕ್ಟೊಪಾಸ್ಕಲ್ ಎಂದರೆ ಸುಮಾರು 280 ಅಡಿ. ಆಲ್ಟಿಮೀಟರ್ ತೋರಿಸುವ ಎತ್ತರಕ್ಕಿಂತ ಅಷ್ಟು ಕೆಳಗೆ ಮೋಡದೊಳಗೆ ಇಳಿದ ಎ320, ರನ್‌ವೇ ಇನ್ನೂ ಒಂದು ಕಿಲೋಮೀಟರಿಗಿಂತ ದೂರವಿರುವಾಗಲೇ ನೆಲದಿಂದ ಆರು ಅಡಿಯವರೆಗೆ ಬಂದು, ನೆಲಕ್ಕೆ ತಾಗದೆ ಮೇಲೇರಿತು.

ನಿಯಂತ್ರಕರು ಮಾಡಬೇಕಾದದ್ದು ಇಷ್ಟು. ಉತ್ತರ ಬರುವಾಗ ಪೆನ್ನಿನ ಮೊನೆಯನ್ನು ಅಥವಾ ಪರದೆಯ ಮೇಲಿನ ಬಾಣವನ್ನು ಕೊಟ್ಟ ಅಂಕಿಯ ಮೇಲೆ ಇಟ್ಟು, ಒಂದೊಂದೇ ಅಂಕಿಯನ್ನು ಕಿವಿಗೆ ಬಿದ್ದಂತೆ ಕಣ್ಣಿನಿಂದ ಸರಿನೋಡಬೇಕು. ಆ ಎರಡು ಸೆಕೆಂಡು ಬೇರೆ ಯಾರ ಕರೆಗೂ ಓಗೊಡಬಾರದು. ತಪ್ಪಿದ್ದರೆ ‘ನೆಗೆಟಿವ್’ ಎಂದು ಹೇಳಿ ಸರಿಯಾದ ಅಂಕಿಯನ್ನು ಮತ್ತೆ ಕೊಟ್ಟು, ಮತ್ತೆ ಮರಳಿ ಹೇಳಿಸಬೇಕು. ಪೈಲಟ್ ಮಾಡಬೇಕಾದದ್ದು ಇನ್ನೊಂದು: ನಿಯಂತ್ರಕರು ತಿದ್ದಲಿಲ್ಲವೆಂದರೆ ನಾನು ಹೇಳಿದ್ದು ಸರಿ ಎಂದು ಭಾವಿಸದೆ, ಆ ಅಂಕಿಯನ್ನು ಬೇರೊಂದು ಮೂಲದ ಜೊತೆ ಹೋಲಿಸಬೇಕು. ನಿಲ್ದಾಣದ ಹವಾಮಾನವನ್ನು ಧ್ವನಿಮುದ್ರಿತವಾಗಿ ಬಿತ್ತರಿಸುವ ಏಟಿಸ್‌ನಲ್ಲಿ ಅಂದು 1001 ಎಂದೇ ಇತ್ತು.

ಹೆಜ್ಜೆ 5: ಅಂಕಿಗಳಿಗೆ ಅವುಗಳ ಹೆಸರು ಕೊಡಿ

ಸುಬಾಂಗ್‌ನ ಸೂಚನೆ ‘ಡಿಸೆಂಡ್ ಟು ಆಲ್ಟಿಟ್ಯೂಡ್ ಟೂ ಥೌಸಂಡ್ ಫೋರ್ ಹಂಡ್ರೆಡ್ ಫೀಟ್’ ಎಂದಿದ್ದರೆ ಗೊಂದಲಕ್ಕೆ ಎಡೆಯೇ ಇರುತ್ತಿರಲಿಲ್ಲ. ಬರಿಯ ಅಂಕಿಯು ಎತ್ತರವೂ ಆಗಬಹುದು, ದಿಕ್ಕೂ ಆಗಬಹುದು, ವೇಗವೂ ಆಗಬಹುದು. 240 ಎಂಬುದು ಈ ಮೂರಕ್ಕೂ ಒಪ್ಪುವ ಸಂಖ್ಯೆ. ಹಾಗಾಗಿ ‘ಹೆಡಿಂಗ್’, ‘ಫ್ಲೈಟ್ ಲೆವೆಲ್’, ‘ನಾಟ್ಸ್’ ಎಂಬ ಪದವನ್ನು ಅಂಕಿಯ ಜೊತೆ ಕಟ್ಟಿಯೇ ಹೇಳಿ. ಒಂದೇ ಉಸಿರಿನಲ್ಲಿ ಎತ್ತರ, ದಿಕ್ಕು, ವೇಗ, ಹೊಸ ಫ್ರೀಕ್ವೆನ್ಸಿ ನಾಲ್ಕನ್ನೂ ಸುರಿದರೆ ಕೇಳುವವರ ನೆನಪಿನಿಂದ ಒಂದಾದರೂ ಜಾರುತ್ತದೆ. ಎರಡು ಸೂಚನೆ ಕೊಟ್ಟು ಉತ್ತರ ಪಡೆದು ಉಳಿದದ್ದನ್ನು ಕೊಡುವುದು ಒಳ್ಳೆಯದು.

ಒತ್ತಡದ ಅಂಕಿಯಲ್ಲಿ ಇನ್ನೊಂದು ಬಲೆ ಇದೆ. ಕೆಲವು ದೇಶಗಳಲ್ಲಿ ಅದನ್ನು ಪಾದರಸದ ಇಂಚುಗಳಲ್ಲಿ ಹೇಳುತ್ತಾರೆ, ಹೆಚ್ಚಿನ ದೇಶಗಳಲ್ಲಿ ಹೆಕ್ಟೊಪಾಸ್ಕಲ್‌ನಲ್ಲಿ. 992 ಹೆಕ್ಟೊಪಾಸ್ಕಲ್ ಎಂದು ಹೇಳಿದ್ದನ್ನು ಇಂಚಿನ ಅಭ್ಯಾಸವಿರುವ ಪೈಲಟ್ 29.92 ಎಂದು ಕೇಳಿಸಿಕೊಂಡರೆ ವಿಮಾನ ಅಂದುಕೊಂಡದ್ದಕ್ಕಿಂತ ಸುಮಾರು 600 ಅಡಿ ಕೆಳಗೆ ಹಾರುತ್ತದೆ. ಒತ್ತಡ 1000ಕ್ಕಿಂತ ಕಡಿಮೆ ಇದ್ದಾಗ ‘ಹೆಕ್ಟೊಪಾಸ್ಕಲ್’ ಎಂಬ ಪದವನ್ನು ಬಿಡದೆ ಸೇರಿಸಬೇಕಾದದ್ದು ಇದಕ್ಕಾಗಿಯೇ.

ಮೂರನ್ನು ‘ಟ್ರೀ’, ನಾಲ್ಕನ್ನು ‘ಫೋವರ್’, ಐದನ್ನು ‘ಫೈಫ್’, ಒಂಬತ್ತನ್ನು ‘ನೈನರ್’ ಎಂದು ಉಚ್ಚರಿಸುವ ರೂಢಿಯನ್ನು ಕೆಲವರು ನಗೆಪಾಟಲಿಗೆ ಈಡುಮಾಡುತ್ತಾರೆ. ಗದ್ದಲದ ರೇಡಿಯೋದಲ್ಲಿ ‘ಫೈವ್’ ಮತ್ತು ‘ನೈನ್’ ಅಕ್ಕಪಕ್ಕದಲ್ಲಿ ಕೇಳಿದವರು ನಗುವುದಿಲ್ಲ.

ಹೆಜ್ಜೆ 6: ರನ್‌ವೇ ಹತ್ತಿರ ಒಂದೊಂದು ಪದವನ್ನೂ ತೂಗಿ ಬಳಸಿ

1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಲಾಸ್ ರೊಡೆಯೊಸ್ ನಿಲ್ದಾಣದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇಯ ಮೇಲೆಯೇ ಡಿಕ್ಕಿ ಹೊಡೆದು 583 ಜನ ಸತ್ತರು. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸ್ಫೋಟಗೊಂಡಿದ್ದರಿಂದ ಹಲವು ವಿಮಾನಗಳು ಈ ಚಿಕ್ಕ ನಿಲ್ದಾಣಕ್ಕೆ ಬಂದು ತುಂಬಿದ್ದವು, ದಟ್ಟ ಮಂಜು ಕವಿದಿತ್ತು, ಕೆಎಲ್‌ಎಂ ವಿಮಾನ ರನ್‌ವೇಯ ತುದಿಯಲ್ಲಿ ಮೇಲೇರಲು ಸಿದ್ಧವಾಗಿ ನಿಂತಿತ್ತು, ಪ್ಯಾನ್ ಆಮ್ ವಿಮಾನ ಅದೇ ರನ್‌ವೇಯಲ್ಲಿ ಇನ್ನೂ ನಿಧಾನವಾಗಿ ಸಾಗುತ್ತಿತ್ತು.

ಆ ಕೊನೆಯ ಸೆಕೆಂಡುಗಳನ್ನು ಬಿಡಿಸಿ ನೋಡಬೇಕು. ನಿಯಂತ್ರಕರು ಕೆಎಲ್‌ಎಂಗೆ ಕೊಟ್ಟದ್ದು ಮೇಲೇರಿದ ನಂತರ ಹಿಡಿಯಬೇಕಾದ ಮಾರ್ಗದ ಕ್ಲಿಯರೆನ್ಸ್ ಮಾತ್ರ. ಆದರೆ ಅದರಲ್ಲಿ ‘ಟೇಕ್‌ಆಫ್ ನಂತರ ಬಲಕ್ಕೆ ತಿರುಗಿ’ ಎಂಬ ಮಾತು ಇತ್ತು. ಸಹಪೈಲಟ್ ಅದನ್ನು ಮರಳಿ ಹೇಳಿ ಕೊನೆಗೆ ‘ವಿ ಆರ್ ನೌ ಅಟ್ ಟೇಕ್‌ಆಫ್’ ಎಂದು ಸೇರಿಸಿದರು. ವಿಮಾನ ಆಗಲೇ ಓಡತೊಡಗಿತ್ತು. ನಿಯಂತ್ರಕರಿಗೆ ಅದು ‘ಟೇಕ್‌ಆಫ್ ಮಾಡುವ ಜಾಗದಲ್ಲಿದ್ದೇವೆ’ ಎಂದು ಕೇಳಿಸಿತು. ಅವರು ‘ಓಕೆ’ ಎಂದರು, ತುಸು ತಡೆದು ‘ಸ್ಟ್ಯಾಂಡ್‌ಬೈ ಫಾರ್ ಟೇಕ್‌ಆಫ್, ಐ ವಿಲ್ ಕಾಲ್ ಯು’ ಎಂದರು. ಅದೇ ಕ್ಷಣಕ್ಕೆ ಪ್ಯಾನ್ ಆಮ್ ಪೈಲಟ್ ತಾವಿನ್ನೂ ರನ್‌ವೇಯಲ್ಲಿ ಇದ್ದೇವೆಂದು ಹೇಳಲು ಗುಂಡಿ ಒತ್ತಿದರು. ಜೀವ ಉಳಿಸಬಹುದಾಗಿದ್ದ ಎರಡು ಮಾತುಗಳು ಒಂದರ ಮೇಲೊಂದು ಬಿದ್ದು ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಕರ್ಕಶ ಸದ್ದಾದವು. ಅಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ‘ಓಕೆ’ ಮಾತ್ರ. ಬಳಿಕ ರನ್‌ವೇ ಖಾಲಿಯಾದಾಗ ತಿಳಿಸುತ್ತೇವೆ ಎಂದು ಪ್ಯಾನ್ ಆಮ್ ಹೇಳಿದ್ದನ್ನು ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್ ಕೇಳಿಸಿಕೊಂಡು, ಆ ವಿಮಾನ ಇನ್ನೂ ಹೊರಗೆ ಹೋಗಿಲ್ಲವೇ ಎಂದು ಪ್ರಶ್ನಿಸಿದರು. ಹೋಗಿದೆ ಎಂದು ಕ್ಯಾಪ್ಟನ್ ದೃಢವಾಗಿ ಹೇಳಿದರು.

ಅಂದಿನಿಂದ ನಿಯಮ ಬದಲಾಯಿತು. ‘ಟೇಕ್‌ಆಫ್’ ಎಂಬ ಪದವನ್ನು ಟೇಕ್‌ಆಫ್‌ಗೆ ಅನುಮತಿ ಕೊಡುವಾಗ ಅಥವಾ ಆ ಅನುಮತಿಯನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು. ಉಳಿದೆಡೆ ‘ಡಿಪಾರ್ಚರ್’ ಎನ್ನಬೇಕು. ಪೈಲಟ್ ಸಿದ್ಧರಿದ್ದರೆ ‘ರೆಡಿ ಫಾರ್ ಡಿಪಾರ್ಚರ್’ ಎನ್ನಬೇಕೇ ಹೊರತು ಆ ಪದವನ್ನು ತಾವಾಗಿ ಮೊದಲು ಎತ್ತಬಾರದು. ರನ್‌ವೇ ಒಳಗೆ ಹೋಗಿ ಕಾಯಲು ‘ಲೈನ್ ಅಪ್ ಅಂಡ್ ವೇಟ್’ ಎಂಬುದು ಅಂತರರಾಷ್ಟ್ರೀಯ ಪದಗುಚ್ಛ. ಅಮೆರಿಕ ತನ್ನ ಹಳೆಯ ‘ಪೊಸಿಷನ್ ಅಂಡ್ ಹೋಲ್ಡ್’ ಅನ್ನು ಬಿಟ್ಟು ಇದಕ್ಕೆ ಬಂದದ್ದು 2010ರಲ್ಲಿ. ಇನ್ನೊಂದು ವಿಮಾನ ಇಳಿದ ಮೇಲೆ ಒಳಗೆ ಹೋಗಬೇಕಾದ ಷರತ್ತಿನ ಸೂಚನೆಯಲ್ಲಿ ಷರತ್ತನ್ನು ಎರಡು ಬಾರಿ, ಮೊದಲಿಗೂ ಕೊನೆಗೂ ಹೇಳುತ್ತಾರೆ: ‘ಬಿಹೈಂಡ್ ದ ಲ್ಯಾಂಡಿಂಗ್ ಏರ್‌ಬಸ್, ಲೈನ್ ಅಪ್ ಅಂಡ್ ವೇಟ್, ಬಿಹೈಂಡ್’. ಆ ಏರ್‌ಬಸ್ ನಿಮ್ಮ ಕಣ್ಣಿಗೆ ಬಿದ್ದಿಲ್ಲವೆಂದರೆ ಆ ಸೂಚನೆಯನ್ನು ಒಪ್ಪಿಕೊಳ್ಳಬೇಡಿ.

ಇಷ್ಟೆಲ್ಲ ನಿಯಮ ಇದ್ದೂ ಏನಾಗಬಹುದು ಎಂಬುದಕ್ಕೆ 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ನಡೆದದ್ದು ಸಾಕ್ಷಿ. ಜಪಾನಿನ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಟವರ್ ‘ನಂಬರ್ ಒನ್, ಟ್ಯಾಕ್ಸಿ ಟು ಹೋಲ್ಡಿಂಗ್ ಪಾಯಿಂಟ್ ಸಿ5’ ಎಂದಿತು. ಹೋಲ್ಡಿಂಗ್ ಪಾಯಿಂಟ್ ಎಂದರೆ ರನ್‌ವೇಯ ಹೊರಗೆ ನಿಲ್ಲುವ ಜಾಗ. ಉತ್ತರ ಸರಿಯಾಗಿಯೇ ಬಂತು. ಆದರೆ ರನ್‌ವೇ ಪ್ರವೇಶಕ್ಕೆ ತಮಗೆ ಅನುಮತಿ ಸಿಕ್ಕಿದೆ ಎಂದು ಕ್ಯಾಪ್ಟನ್ ಭಾವಿಸಿದ್ದರು. ವಿಮಾನ ಒಳಗೆ ಹೋಗಿ ಸುಮಾರು 40 ಸೆಕೆಂಡು ಅಲ್ಲಿಯೇ ನಿಂತಿತ್ತು. ಇಳಿಯುತ್ತಿದ್ದ ಎ350 ಅದಕ್ಕೆ ಬಡಿಯಿತು. ದೊಡ್ಡ ವಿಮಾನದ 379 ಜನರೂ ಹೊರಬಂದರು, ಚಿಕ್ಕದರಲ್ಲಿದ್ದ ಆರು ಮಂದಿಯಲ್ಲಿ ಐವರು ಸತ್ತರು. ಬಾಯಿ ಮರಳಿ ಹೇಳಿದ್ದನ್ನು ಮನಸ್ಸು ಒಪ್ಪಿದೆಯೆಂದು ಭರವಸೆಯಿಲ್ಲ. ಆದ್ದರಿಂದ ಹೋಲ್ಡಿಂಗ್ ಪಾಯಿಂಟ್ ಗೆರೆಯನ್ನು ದಾಟುವ ಮುನ್ನ ಕಾಕ್‌ಪಿಟ್‌ನಲ್ಲಿ ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಿ: ಯಾವ ರನ್‌ವೇ, ಪ್ರವೇಶಕ್ಕೆ ಅನುಮತಿ ಯಾವ ಪದಗಳಲ್ಲಿ ಬಂತು, ಇಳಿಯಲು ಬರುತ್ತಿರುವ ವಿಮಾನ ಇದೆಯೇ. ‘ಅನುಮತಿ ಸಿಕ್ಕಿದೆ’ ಎಂಬುದು ಸಾಲದು. ಆ ಪದಗಳು ನೆನಪಿಗೆ ಬರಬೇಕು.

ಹೆಜ್ಜೆ 7: ಸಂಶಯವನ್ನು ನುಂಗಿಕೊಳ್ಳಬೇಡಿ

ಸಂಶಯ ಬಂದಾಗ ಬಳಸಲು ಪದಗಳು ಸಿದ್ಧವಾಗಿವೆ. ಪೂರ್ತಿ ಕೇಳಿಸದಿದ್ದರೆ ‘ಸೇ ಅಗೇನ್’. ಕೇಳಿಸಿದ್ದರ ಬಗ್ಗೆ ಖಾತರಿ ಬೇಕಿದ್ದರೆ ‘ಕನ್ಫರ್ಮ್’. ಮಾಡಲು ಆಗದಿದ್ದರೆ ‘ಅನೇಬಲ್’. ಇವುಗಳನ್ನು ಬಳಸುವುದು ಅವಮಾನವೆಂದು ಭಾವಿಸುವ ಹೊಸಬರು ಇದ್ದಾರೆ, ಹಳಬರು ಅವರಿಗಿಂತ ಹೆಚ್ಚಾಗಿದ್ದಾರೆ.

1995ರ ಡಿಸೆಂಬರ್ 20ರಂದು ಕೊಲಂಬಿಯಾದ ಕಾಲಿ ನಗರಕ್ಕೆ ಬರುತ್ತಿದ್ದ ಬೋಯಿಂಗ್ 757ಕ್ಕೆ ನಿಯಂತ್ರಕರು ಕಾಲಿ ವಿಒಆರ್ (ದಾರಿ ತೋರಿಸುವ ರೇಡಿಯೋ ಕೇಂದ್ರ) ವರೆಗೆ ಅನುಮತಿ ಕೊಟ್ಟು, ನಡುವಿನ ಗುರುತಾದ ತುಲುವಾ ತಲುಪಿದಾಗ ತಿಳಿಸಲು ಹೇಳಿದರು. ಪೈಲಟ್ ಅದನ್ನು ಮರಳಿ ಹೇಳುವಾಗ ‘ಡೈರೆಕ್ಟ್’, ಅಂದರೆ ನೇರವಾಗಿ, ಎಂಬ ಪದ ಒಳಗೆ ಸೇರಿಕೊಂಡಿತು. ನಿಯಂತ್ರಕರು ‘ಅಫರ್ಮೇಟಿವ್’ ಎಂದುಬಿಟ್ಟರು. ನೇರ ಮಾರ್ಗವನ್ನು ಕಂಪ್ಯೂಟರಿಗೆ ಕೊಟ್ಟಾಗ ನಡುವಿನ ತುಲುವಾ ಪಟ್ಟಿಯಿಂದ ಅಳಿಸಿಹೋಯಿತು. ಅನಂತರ ಪೈಲಟ್‌ಗಳ ಕೋರಿಕೆಗಳು ಆ ಮಾರ್ಗಕ್ಕೆ ಹೊಂದುವುದಿಲ್ಲವೆಂದು ನಿಯಂತ್ರಕರಿಗೆ ಅನ್ನಿಸಿತ್ತು. ಎದುರಿನವರು ಸ್ಪ್ಯಾನಿಷ್ ಮಾತನಾಡುವವರಾಗಿದ್ದರೆ ಇನ್ನಷ್ಟು ಕೇಳುತ್ತಿದ್ದೆ, ಇಂಗ್ಲಿಷ್‌ನಲ್ಲಿ ಅಷ್ಟು ಕೇಳಲು ತಮಗೆ ಆಗಲಿಲ್ಲ ಎಂದು ಅವರು ತನಿಖೆಯಲ್ಲಿ ತಿಳಿಸಿದರು. ಬೆಟ್ಟಕ್ಕೆ ಬಡಿದ ಆ ವಿಮಾನದ 163 ಜನರಲ್ಲಿ ಬದುಕುಳಿದವರು ನಾಲ್ವರು.

ಸಿದ್ಧ ಪದಗುಚ್ಛಗಳು ಬಾಯಿಪಾಠವಾಗಿದ್ದರೆ ಸಾಲದು ಎಂಬುದನ್ನು ಇದು ತೋರಿಸಿತು. ಐಸಿಎಒ ಆರು ಹಂತಗಳ ಭಾಷಾ ಅರ್ಹತೆಯ ಅಳತೆಗೋಲನ್ನು ತಂದು, ಅಂತರರಾಷ್ಟ್ರೀಯ ಹಾರಾಟದ ಪೈಲಟ್ ಮತ್ತು ನಿಯಂತ್ರಕರು ಕನಿಷ್ಠ ನಾಲ್ಕನೆಯ ಹಂತದಲ್ಲಿರಬೇಕೆಂದು 2008ರಿಂದ ನಿಯಮ ಮಾಡಿತು. ಪದಗುಚ್ಛಗಳಲ್ಲಿ ಹಿಡಿಸದ ಸಂದರ್ಭ ಬಂದಾಗ ಸರಳ ಮಾತಿನಲ್ಲಿ ವಿಚಾರ ಮುಟ್ಟಿಸಲು ಬರಬೇಕು ಎಂಬುದು ಅದರ ಒಳಗಿನ ಉದ್ದೇಶ. ಇಂಗ್ಲಿಷ್ ತಾಯ್ನುಡಿಯವರಿಗೂ ಇಲ್ಲಿ ಹೊಣೆ ಇದೆ: ಅವರ ಆಡುಮಾತಿನ ಚಮತ್ಕಾರಗಳು ಎದುರಿನವರ ಪದಕೋಶದಲ್ಲಿ ಇರುವುದಿಲ್ಲ.

ಗೊತ್ತಿಲ್ಲದ ಹೆಸರೊಂದು ಕಿವಿಗೆ ಬಿದ್ದರೆ ಅಲ್ಲಿಯೇ ನಿಲ್ಲಿ. 2001ರ ಅಕ್ಟೋಬರ್ 8ರಂದು ಮಿಲಾನ್‌ನ ಲಿನಾಟೆ ನಿಲ್ದಾಣದ ಮಂಜಿನಲ್ಲಿ ಆರ್5 ಎಂಬ ನೆಲದ ದಾರಿ ಹಿಡಿಯಬೇಕಿದ್ದ ಚಿಕ್ಕ ಜೆಟ್ ವಿಮಾನ ಆರ್6ರಲ್ಲಿ ಸಾಗಿತು. ತಾವು ಎಸ್4 ಬಳಿ ಇದ್ದೇವೆ ಎಂದು ಅದರ ಪೈಲಟ್ ಹೇಳಿದರು. ಆ ಗುರುತು ನಿಯಂತ್ರಕರಿಗೆ ಪರಿಚಿತವಾಗಿರಲಿಲ್ಲ, ನೆಲದ ರೇಡಾರ್ ಕೆಲಸ ಮಾಡುತ್ತಿರಲಿಲ್ಲ. ಎಸ್4 ಎಲ್ಲಿದೆ ಎಂಬ ಪ್ರಶ್ನೆ ಕೇಳದೆಯೇ ಮಾತು ಮುಂದುವರಿಯಿತು. ರನ್‌ವೇಯಲ್ಲಿ ಓಡುತ್ತಿದ್ದ ದೊಡ್ಡ ವಿಮಾನ ಆ ಜೆಟ್‌ಗೆ ಬಡಿದು 118 ಜನ ಸತ್ತರು.

ಹೆಜ್ಜೆ 8: ತುರ್ತನ್ನು ತುರ್ತಿನ ಪದದಲ್ಲಿಯೇ ಹೇಳಿ

1990ರ ಜನವರಿ 25ರ ರಾತ್ರಿ ನ್ಯೂಯಾರ್ಕ್‌ಗೆ ಬರುತ್ತಿದ್ದ ಏವಿಯಾಂಕಾ 52 ವಿಮಾನವನ್ನು ಕೆಟ್ಟ ಹವಾಮಾನದ ಕಾರಣ ಒಂದು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲಿಯೇ ಸುತ್ತು ಹಾಕಿಸಲಾಯಿತು. ತಮಗೆ ‘ಪ್ರಯಾರಿಟಿ’, ಅಂದರೆ ಆದ್ಯತೆ, ಬೇಕಾಗಬಹುದು ಎಂದು ಸಹಪೈಲಟ್ ಹೇಳಿದರು. ಇಳಿಯುವ ಮೊದಲ ಯತ್ನ ವಿಫಲವಾದಾಗ, ತುರ್ತು ಪರಿಸ್ಥಿತಿ ಇದೆ ಎಂದು ಹೇಳು ಎಂದು ಕ್ಯಾಪ್ಟನ್ ಸೂಚಿಸಿದರು. ಸಹಪೈಲಟ್ ನಿಯಂತ್ರಕರಿಗೆ ಹೊಸ ದಿಕ್ಕನ್ನು ಮರಳಿ ಹೇಳಿ, ಅದರ ಬಾಲಕ್ಕೆ ‘ಇಂಧನ ಮುಗಿಯುತ್ತಿದೆ’ ಎಂದು ಸೇರಿಸಿದರು. ‘ಎಮರ್ಜೆನ್ಸಿ’ ಎಂಬ ಪದ ಬರಲಿಲ್ಲ. ಹೇಳಿದೆಯಾ ಎಂದು ಕ್ಯಾಪ್ಟನ್ ಕೇಳಿದಾಗ ಹೇಳಿದ್ದೇನೆ ಎಂದರು. ಇಂಧನ ಬರಿದಾಗಿ ವಿಮಾನ ನೆಲಕ್ಕೆ ಬಿದ್ದಾಗ ಅದರಲ್ಲಿದ್ದ 158 ಜನರಲ್ಲಿ 73 ಮಂದಿ ಸತ್ತರು.

ಸಂಕೋಚದ ಭಾಷೆ ರೇಡಿಯೋದಲ್ಲಿ ಕೆಲಸ ಮಾಡುವುದಿಲ್ಲ. ಈಗ ಇಂಧನಕ್ಕೆ ಎರಡು ಮೆಟ್ಟಿಲುಗಳಿವೆ. ಇನ್ನು ಬೇರೆ ನಿಲ್ದಾಣದ ಆಯ್ಕೆ ಉಳಿದಿಲ್ಲ, ಮುಂದೆ ತಡವಾದರೆ ಕೊನೆಯ ಮೀಸಲು ಇಂಧನಕ್ಕೆ ಕೈಹಾಕಬೇಕಾಗಬಹುದು ಎಂಬಲ್ಲಿಗೆ ಬಂದಾಗ ‘ಮಿನಿಮಮ್ ಫ್ಯೂಯೆಲ್’. ಇದು ತುರ್ತು ಪರಿಸ್ಥಿತಿಯ ಘೋಷಣೆಯಲ್ಲ, ಎಚ್ಚರಿಕೆ. ಇಳಿಯುವ ಹೊತ್ತಿಗೆ ಆ ಮೀಸಲಿಗಿಂತ ಕಡಿಮೆ ಉಳಿಯುವುದೆಂದು ಲೆಕ್ಕ ಹೇಳಿದರೆ ‘ಮೇಡೇ ಮೇಡೇ ಮೇಡೇ ಫ್ಯೂಯೆಲ್’. ಜೆಟ್ ವಿಮಾನಕ್ಕೆ ಈ ಮೀಸಲು ಎಂದರೆ 1,500 ಅಡಿ ಎತ್ತರದಲ್ಲಿ 30 ನಿಮಿಷ ಹಾರುವಷ್ಟು ಇಂಧನ. ಜೀವಾಪಾಯವಿಲ್ಲದ, ಆದರೆ ಗಮನ ಬೇಕಾದ ಸಂದರ್ಭಕ್ಕೆ ‘ಪ್ಯಾನ್ ಪ್ಯಾನ್’ ಅನ್ನು ಮೂರು ಬಾರಿ ಹೇಳಬೇಕು. ಆಗ ಬಳಕೆಯಲ್ಲಿರುವ ಫ್ರೀಕ್ವೆನ್ಸಿಯಲ್ಲೇ ಹೇಳಿ. ಅಲ್ಲಿ ಉತ್ತರ ಸಿಗದಿದ್ದರೆ 121.5 ಮೆಗಾಹರ್ಟ್ಸ್ ಇದೆ. ಟ್ರಾನ್ಸ್‌ಪಾಂಡರ್‌ನಲ್ಲಿ 7700 ತುರ್ತಿಗೆ, 7600 ರೇಡಿಯೋ ಕೆಟ್ಟಾಗ. ಅರೆಬರೆ ಮಾತು ಕೇಳಿಸಿದ ನಿಯಂತ್ರಕರು ಕೇಳಬೇಕಾದ ಪ್ರಶ್ನೆ ಒಂದೇ: ‘ಆರ್ ಯು ಡಿಕ್ಲೇರಿಂಗ್ ಅನ್ ಎಮರ್ಜೆನ್ಸಿ?’

ಇದಕ್ಕೆ ಸೇರಿದ ಇನ್ನೊಂದು ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ವಿಮಾನದೊಳಗಿನ ಡಿಕ್ಕಿ ತಡೆ ಯಂತ್ರ ಟಿಕಾಸ್ ಏರಲು ಹೇಳಿ ನಿಯಂತ್ರಕರು ಇಳಿಯಲು ಹೇಳಿದರೆ ಯಂತ್ರದ ಮಾತನ್ನು ಪಾಲಿಸಿ, ‘ಟಿಕಾಸ್ ಆರ್‌ಎ’, ಅಂದರೆ ಟಿಕಾಸ್‌ನ ಆದೇಶ ಬಂದಿದೆ, ಎಂದು ತಿಳಿಸಿ. 2002ರ ಜುಲೈ 1ರಂದು ಜರ್ಮನಿಯ ಊಬರ್‌ಲಿಂಗನ್ ಊರಿನ ಮೇಲೆ ಒಂದು ವಿಮಾನ ನಿಯಂತ್ರಕರ ಮಾತನ್ನೂ ಇನ್ನೊಂದು ಯಂತ್ರದ ಮಾತನ್ನೂ ಪಾಲಿಸಿ ಎರಡೂ ಇಳಿಯುತ್ತಾ ಡಿಕ್ಕಿಯಾದವು. 71 ಜನ ಸತ್ತರು. ‘ಟಿಕಾಸ್ ಆರ್‌ಎ’ ಕೇಳಿದ ನಿಯಂತ್ರಕರು ‘ರೋಜರ್’ ಎನ್ನಬೇಕು. ಅಪಾಯ ಕಳೆಯಿತೆಂದು ಪೈಲಟ್ ತಿಳಿಸುವವರೆಗೆ ಆ ವಿಮಾನಕ್ಕೆ ಬೇರೆ ಸೂಚನೆ ಕೊಡಬಾರದು.

ಹೆಜ್ಜೆ 9: ಇಳಿದ ಮೇಲೆ ಬರೆಯಿರಿ

ಅನಾಹುತವಾಗದೆ ತಪ್ಪಿದ ಗೊಂದಲಗಳನ್ನು ವರದಿ ಮಾಡುವ ಗೌಪ್ಯ ವ್ಯವಸ್ಥೆಗಳಿವೆ; ಅಮೆರಿಕದಲ್ಲಿ ನಾಸಾ ನಡೆಸುವ ಎಎಸ್‌ಆರ್‌ಎಸ್ 1976ರಿಂದ ಕೆಲಸ ಮಾಡುತ್ತಿದೆ. ವರದಿ ಬರೆಯುವಾಗ ‘ನಿಯಂತ್ರಕರು ಇಳಿಯಲು ಹೇಳಿದರು’ ಎಂದು ಸಾರಾಂಶ ಕೊಡಬೇಡಿ. ಅವರು ಬಳಸಿದ ಪದಗಳು, ನೀವು ಮರಳಿ ಹೇಳಿದ ಪದಗಳು, ಆ ಕ್ಷಣದಲ್ಲಿ ನೀವು ನಿರೀಕ್ಷಿಸುತ್ತಿದ್ದ ಸೂಚನೆ ಯಾವುದು, ಫ್ರೀಕ್ವೆನ್ಸಿಯಲ್ಲಿ ಅದೇ ಧಾಟಿಯ ಬೇರೆ ಕಾಲ್‌ಸೈನ್ ಇತ್ತೇ ಎಂಬ ನಾಲ್ಕನ್ನು ಅದೇ ದಿನ, ನೆನಪು ಹಸಿಯಾಗಿರುವಾಗಲೇ ಬರೆಯಿರಿ. ಮರುದಿನದ ಹೊತ್ತಿಗೆ, ಹೇಳಿದ್ದು ಯಾವುದು ಮತ್ತು ನಾವು ತಿಳಿದದ್ದು ಯಾವುದು ಎಂದು ಬೇರ್ಪಡಿಸುವುದು ಬರೆಯುವವರಿಗೇ ಕಷ್ಟವಾಗಿರುತ್ತದೆ.